ಕಲ್ಲುಬಾಳೆ ಮತ್ತು ಕಾಡುಬಾಳೆ: ಜನಪದ ವಿಂಗಡಣೆ ಹಾಗೂ ಸಸ್ಯಶಾಸ್ತ್ರೀಯ ವರ್ಗೀಕರಣ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಬಾಳೆಯೆಂಬುದು ನೀರಾವರಿಯ ಗಿಡ. ಕೆರೆಯ ಕೆಳಗಿನ ತೋಟ, ಹಿಂದಿನ ಕಾಲದ ಕಪಿಲೆಬಾವಿ, ಈಚಿನ ದಶಕಗಳ ಕೊಳವೆಬಾವಿ, ಇವುಗಳಲ್ಲಿ ಒಂದರ ಆಸರೆಯಿಲ್ಲದೆ ಅದು ಅಲ್ಲಿ ನಿಲ್ಲದು. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಎಳೆಯ ಅಡಿಕೆ ಸಸಿಗೆ ನೆರಳಾಗಲೆಂದು ನಡುವೆ ಬಾಳೆ ಇಡುವುದುಂಟು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರು ಹರಿದ ಮೇಲೆ ಹಿರಿಯೂರಿನ ಬಯಲಿಗೂ ತೋಟದ ಬೆಳೆಗಳು ಬಂದವು. ಆದರೆ ನೀರಿನ ಕೊರತೆಯು ಬಾಳೆಗೆ ಆಚರಣೆಯಲ್ಲಿರುವ ಸ್ಥಾನವನ್ನು ಕುಗ್ಗಿಸಿಲ್ಲ. ಮದುವೆಯ ಚಪ್ಪರದ ಬಾಗಿಲಿಗೆ, ಆಯುಧಪೂಜೆಯ ದಿನ ಗಾಡಿ ಯಂತ್ರಗಳಿಗೆ, ದೇವರ ಮಂಟಪಕ್ಕೆ ಬಾಳೆಕಂದು ಬೇಕೇಬೇಕು. ತೋಟವಿಲ್ಲದವರು ಸಂತೆಯಿಂದಲಾದರೂ ತರುತ್ತಾರೆ.

ಇಂತಹ ಪರಿಸರದಲ್ಲಿ 'ಕಾಡುಬಾಳೆ' ಎಂಬುದು ಗಿಡವಿಲ್ಲದ ಹೆಸರು. ಹೊಲಗಳ ನಡುವೆಯಾಗಲಿ ಕುರುಚಲು ಗುಡ್ಡಗಳಲ್ಲಾಗಲಿ ಆ ಹೆಸರಿನಿಂದ ಬೆರಳು ಮಾಡಿ ತೋರಿಸಬಹುದಾದ ಸಸ್ಯ ಬಯಲಿನವರ ನಿತ್ಯದ ಅನುಭವದಲ್ಲಿಲ್ಲ. ಘಟ್ಟದ ಅಂಚಿಗೆ ಬಂದರೆ ಪರಿಸ್ಥಿತಿ ತಿರುವುಮುರುವು. ಅಲ್ಲಿ ಒಂದೇ ಹೆಸರಿಗೆ ಒಂದಕ್ಕಿಂತ ಹೆಚ್ಚು ಸಸ್ಯಗಳಿವೆ. ಅವು ಒಂದೇ ಕುಲಕ್ಕೆ ಸೇರಿದವೂ ಅಲ್ಲ. ನಾಟಿವೈದ್ಯದ ಪಟ್ಟಿಗಳಲ್ಲಿ, ಆಹಾರ ಪರಂಪರೆಯ ದಾಖಲೆಗಳಲ್ಲಿ, ಸ್ಥಳೀಯ ಸಸ್ಯಗಳ ಕೋಶಗಳಲ್ಲಿ 'ಕಾಡುಬಾಳೆ' ಎಂದಷ್ಟೇ ಬರೆದು ಮುಂದೆ ಸಾಗುವ ರೂಢಿ ಬೆಳೆದಿರುವುದರಿಂದ, ಆ ಹೆಸರಿನ ಹಿಂದೆ ಯಾವ ಗಿಡವಿದೆ ಎಂಬ ಪ್ರಶ್ನೆ ಬಹುತೇಕ ಹಾಗೆಯೇ ಉಳಿದಿದೆ. ಜನಪದರು ತಮ್ಮ ಮಾತಿನಲ್ಲಿ ಮಾಡಿಕೊಂಡಿದ್ದ ಭೇದವೊಂದನ್ನು ಸಂಗ್ರಹಕಾರರೇ ಅಳಿಸಿದಂತಾಗಿದೆ. ಆ ಭೇದ 'ಕಲ್ಲುಬಾಳೆ' ಎಂಬ ಹೆಸರಿನಲ್ಲಿದೆ.

ಈ ಭೇದದ ತೂಕವನ್ನು ಅರಿಯಲು ಬಾಳೆಯ ರಚನೆಯನ್ನೂ ಅದಕ್ಕೆ ಸಂಬಂಧಿಸಿದ ಕನ್ನಡದ ಶಬ್ದಸಂಪತ್ತನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಬಾಳೆಯನ್ನು ಮರವೆಂದು ಕರೆಯುವವರಿದ್ದರೂ ಅದು ಮರವಲ್ಲ. ಮೇಲೆ ಕಾಣುವ ಕಂಬವು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಕನ್ನಡದ ಆಡುಮಾತು ಇದನ್ನು ಸರಿಯಾಗಿಯೇ ಗುರುತಿಸಿದೆ. ಸುತ್ತಿನ ಪದರ ಪಟ್ಟೆ, ಅದರಿಂದ ಬರುವುದು ನಾರು, ಹೂ ಮೂಡುವ ಹೊತ್ತಿಗೆ ನಡುವೆ ಏರಿಬರುವ ಬಿಳಿಯ ತಿರುಳು ದಿಂಡು, ಹೂವಿನ ತುದಿಯ ಮೊಗ್ಗು ಮೂತಿ, ಕರಾವಳಿಯ ಕಡೆ ಅದೇ ಪೂಂಬೆ. ಕಾಯಿ ಕಟ್ಟಿದ ಮೇಲೆ ಗೊನೆ, ಗೊನೆಯೊಳಗೆ ಚಿಪ್ಪು. ಬುಡದಲ್ಲಿ ಒಡೆದು ಬರುವ ಮರಿ ಕಂದು. ಈ ಕೊನೆಯ ಪದ ಎಲ್ಲಕ್ಕಿಂತ ಮುಖ್ಯವಾದುದು. ಹಳೆಯ ಕನ್ನಡದಿಂದಲೂ ಕಂದು ಎಂದರೆ ಎಳೆಯ ಮರಿ. ಮನೆಯ ಮಗುವನ್ನು ಕರೆಯುವ 'ಕಂದ' ಅದರ ಒಡಹುಟ್ಟು. ಗೊನೆ ಕೊಟ್ಟ ತಾಯಿಗಿಡ ಅಲ್ಲಿಗೆ ಮುಗಿಯುತ್ತದೆ, ಆದರೆ ಬುಡದ ಕಂದಿನಿಂದ ಸಂತತಿ ಮುಂದುವರಿಯುತ್ತದೆ. ಚಪ್ಪರದ ಕಂಬಕ್ಕೆ ಕಟ್ಟುವ ಬಾಳೆಯ ಸಾಂಕೇತಿಕ ಅರ್ಥ ನಿಂತಿರುವುದು ಈ ಸಂಗತಿಯ ಮೇಲೆ. ಬಾಳೆ ಮತ್ತು ಬಾಳು ಪದಗಳ ಶ್ಲೇಷೆಯನ್ನು ಹರಕೆಯ ಮಾತುಗಳು ಧಾರಾಳವಾಗಿ ಬಳಸಿಕೊಂಡಿವೆ. ಆದರೆ ಶ್ಲೇಷೆಗಿಂತ ಕಂದೇ ಅಲ್ಲಿನ ಮೂಲ ಸಂಗತಿ ಎನ್ನಬೇಕು.

ಕಲ್ಲುಬಾಳೆಗೆ ಕಂದು ಇಲ್ಲ.

ಎನ್ಸೆಟೆ ಸುಪರ್ಬಮ್ ಎಂದು ಸಸ್ಯಶಾಸ್ತ್ರ ಕರೆಯುವ ಈ ಗಿಡದ ಮುಖ್ಯ ನೆಲೆ ಪಶ್ಚಿಮ ಘಟ್ಟ. ಕಡಿದಾದ ಬಂಡೆಗಳ ಇಳಿಜಾರು, ಮಣ್ಣು ತೆಳುವಾಗಿರುವ ಕಲ್ಲಿನ ಸಂದು ಅದಕ್ಕೆ ಪ್ರಿಯ. ಮುಂಗಾರಿನ ಮಳೆ ಬಿದ್ದೊಡನೆ ಬಂಡೆಯ ಬಿರುಕಿನಿಂದ ಅಗಲವಾದ ಎಲೆಗಳು ಏಳುತ್ತವೆ. ಕಂಬ ಬುಡದಲ್ಲಿ ಹೂಜಿಯಂತೆ ಉಬ್ಬಿ ಮೇಲೆ ಸಣ್ಣದಾಗುತ್ತದೆ. ಮಳೆ ಹಿಂದೆಗೆದು ಒಣಹವೆ ಬಂದಾಗ ಎಲೆಗಳೂ ಅವುಗಳ ಪಟ್ಟೆಗಳೂ ಸೊರಗಿ ಬಿದ್ದುಹೋಗಿ, ನೆಲದಲ್ಲಿ ಗೆಡ್ಡೆಯೊಂದೇ ಉಳಿಯುತ್ತದೆ. ಹೀಗೆ ಹಲವು ವರ್ಷ ಎದ್ದು ಮಲಗಿ ಬೆಳೆದ ಗಿಡ ಕೊನೆಗೊಮ್ಮೆ ಹೂಬಿಡುತ್ತದೆ. ಬಾಗಿದ ಹೂಗೊಂಚಲಿನ ಹೊದಿಕೆಗಳು ದೊಡ್ಡವು. ತೋಟದ ಬಾಳೆಯಲ್ಲಿರುವಂತೆ ಒಂದೊಂದಾಗಿ ಬೇಗನೆ ಉದುರದೆ ಬಹುಕಾಲ ಅಂಟಿಕೊಂಡಿರುತ್ತವೆ. ಕಾಯಿಯಲ್ಲಿ ತಿರುಳು ಅತ್ಯಲ್ಪ. ಒಳಗೆಲ್ಲ ಕಡಲೆಕಾಳಿಗಿಂತ ದೊಡ್ಡದಾದ, ಕಗ್ಗಂದು ಬಣ್ಣದ, ಹಲ್ಲಿಗೆ ಬಗ್ಗದ ಬೀಜಗಳು. ಕಾಯಿ ಬಲಿತ ಮೇಲೆ ಗಿಡ ಬೇರುಸಹಿತ ಸಾಯುತ್ತದೆ. ಬುಡದಲ್ಲಿ ಮರಿಯಿಲ್ಲ. ಅದರ ಸಂತತಿ ಏನಿದ್ದರೂ ಆ ಬೀಜದಲ್ಲಿದೆ.

'ಕಲ್ಲು' ಎಂಬ ವಿಶೇಷಣ ಬಂಡೆಯ ನೆಲೆಯನ್ನು ಸೂಚಿಸುತ್ತದೆಯೋ ಬೀಜದ ಗಟ್ಟಿತನವನ್ನೋ ಎಂಬುದನ್ನು ಒಂದೇ ಕಡೆಗೆ ತೀರ್ಮಾನಿಸುವ ಅಗತ್ಯವಿಲ್ಲ. ಜನಪದ ಹೆಸರುಗಳು ಎರಡು ಗುಣಗಳನ್ನು ಒಂದೇ ಪದದಲ್ಲಿ ಹಿಡಿದಿಡುವುದು ಅಪರೂಪವಲ್ಲ. ಮಲಯಾಳದಲ್ಲಿ ಇದು ಕಲ್ಲುವಾಳ, ತಮಿಳಿನಲ್ಲಿ ಕಲ್‌ವಾಳೈ. ಸೋದರ ಭಾಷೆಗಳು ಮೂರೂ ಒಂದೇ ಗಿಡಕ್ಕೆ ಒಂದೇ ಬಗೆಯ ಜೋಡುಪದ ಕಟ್ಟಿರುವುದು ಗಮನಾರ್ಹ. ಘಟ್ಟದ ಉತ್ತರ ಭಾಗದ ಮರಾಠಿಯಲ್ಲಿ ಇದಕ್ಕೆ ಚವೇಣಿ ಎಂಬ ಸ್ವತಂತ್ರ ಹೆಸರೇ ಇದೆ. ಆದರೆ ಹೆಸರಿನ ಸಾಮ್ಯವನ್ನೇ ನಂಬಿ ಹೊರಟರೆ ದಾರಿ ತಪ್ಪುವ ಸಾಧ್ಯತೆಯೂ ಇದೆ. ತಮಿಳಿನಲ್ಲಿ ಕಲ್‌ವಾಳೈ ಎಂಬುದು ಹಿತ್ತಿಲಿನ ಹೂಗಿಡವಾದ ಕ್ಯಾನಾಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಅದು ಕಾಬಾಳೆ. ಮಲಯಾಳದ ಮರವಾಳ ಬಾಳೆಯೇ ಅಲ್ಲ, ಮರದ ಮೇಲೆ ಬೆಳೆಯುವ ಸೀತಾಳೆಯ ವರ್ಗ. ಅಗಲವಾದ ಅಥವಾ ನೀಳವಾದ ಎಲೆಯ ಆಕಾರವೊಂದನ್ನೇ ಹಿಡಿದು ಬಾಳೆಯ ಹೆಸರನ್ನು ದೂರದ ಗಿಡಗಳಿಗೂ ಹಂಚಿದ ನಿದರ್ಶನಗಳಿವು.

ಇನ್ನು ಸಸ್ಯಶಾಸ್ತ್ರವು ಇದೇ ಗಿಡವನ್ನು ಹೇಗೆ ಬಗೆಯಿತು ಎಂಬುದರ ಕಡೆಗೆ ಬರಬಹುದು. ಬಾಳೆಯ ಆಧುನಿಕ ವರ್ಗೀಕರಣದ ಆರಂಭದಲ್ಲಿಯೇ ಪಶ್ಚಿಮ ಕರಾವಳಿಯ ಜನರ ಮಾತಿದೆ. ಡಚ್ಚರ ಕೊಚ್ಚಿಯ ಆಡಳಿತಗಾರ ಹೆಂಡ್ರಿಕ್ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ 'ಹೊರ್ಟಸ್ ಮಲಬಾರಿಕಸ್' ಗ್ರಂಥದ ಮೊದಲ ಸಂಪುಟದಲ್ಲಿ ಬಾಳೆಯು 'ಬಾಲ' ಎಂಬ ಸ್ಥಳೀಯ ಹೆಸರಿನಲ್ಲಿಯೇ ಚಿತ್ರಸಹಿತ ದಾಖಲಾಯಿತು. ಇಟ್ಟಿ ಅಚ್ಯುತನ್ ಎಂಬ ನಾಟಿವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಆ ಕೆಲಸಕ್ಕೆ ನೆರವಾದವರು. ಕಾರ್ಲ್ ಲಿನ್ನೇಯಸ್ ರೀಡ್‌ನ ಗ್ರಂಥವನ್ನು ಬಲ್ಲವನಾಗಿದ್ದ. ಹಾಲೆಂಡಿನ ಸಿರಿವಂತನೊಬ್ಬನ ಗಾಜಿನ ಮನೆಯಲ್ಲಿ ಹೂಬಿಟ್ಟ ಬಾಳೆಯ ಬಗ್ಗೆ 1736ರಲ್ಲಿ ಒಂದು ಪುಸ್ತಕವನ್ನೇ ಬರೆದ ಆತ, 1753ರಲ್ಲಿ ಮ್ಯೂಸಾ ಪ್ಯಾರಡಿಸಿಯಾಕಾ, 1759ರಲ್ಲಿ ಮ್ಯೂಸಾ ಸೇಪಿಯೆಂಟಮ್ ಎಂಬ ಹೆಸರುಗಳನ್ನಿತ್ತ. ಮೊದಲನೆಯದು ಬೇಯಿಸುವ ಬಾಳೆ, ಎರಡನೆಯದು ಹಣ್ಣಾಗಿ ತಿನ್ನುವ ಬಾಳೆ. ಎರಡೂ ಬೀಜವಿಲ್ಲದ ಸಾಗುವಳಿ ತಳಿಗಳು. ಕಾಡಿನ ಪ್ರಭೇದಗಳಲ್ಲ, ಮಿಶ್ರಸಂತತಿಗಳು ಎಂಬುದು ಬಹಳ ಕಾಲದ ನಂತರ ತಿಳಿಯಿತು. ಅಂದರೆ ಬಾಳೆಯ ಶಾಸ್ತ್ರೀಯ ವರ್ಗೀಕರಣ ಆರಂಭವಾದದ್ದು ಕಾಡಿನಿಂದಲ್ಲ, ಅಡುಗೆಮನೆಯ ವಿಂಗಡಣೆಯಿಂದ.

ಕಲ್ಲುಬಾಳೆ ಶಾಸ್ತ್ರದ ಕಣ್ಣಿಗೆ ಬಿದ್ದದ್ದು ವಿಲಿಯಂ ರಾಕ್ಸ್‌ಬರ್ಗ್‌ನ ಮೂಲಕ. ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಆತನ ಚಿತ್ರಗ್ರಂಥದ ಮೂರನೆಯ ಸಂಪುಟದಲ್ಲಿ, 1811ರಲ್ಲಿ, ಅದು ಮ್ಯೂಸಾ ಸುಪರ್ಬಾ ಎಂಬ ಹೆಸರು ಪಡೆಯಿತು. ಸುಪರ್ಬಾ ಎಂದರೆ ಭವ್ಯವಾದುದು. ಹೆಸರು ಸೊಗಸಾಗಿದ್ದರೂ ಕುಲ ತಪ್ಪಿತ್ತು. ಅದಕ್ಕೂ ಮೊದಲೇ, 1790ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಜೇಮ್ಸ್ ಬ್ರೂಸ್ ಇಥಿಯೋಪಿಯದ 'ಎನ್ಸೆಟೆ' ಎಂಬ ಗಿಡವನ್ನು ವರ್ಣಿಸಿ, ಇದನ್ನು ಬಾಳೆಯೆಂದು ಭಾವಿಸುವುದು ಸರಿಯಲ್ಲವೆಂದು ವಾದಿಸಿದ್ದ. ಆತ ಸಸ್ಯಶಾಸ್ತ್ರಜ್ಞನಲ್ಲವಾದುದರಿಂದಲೋ ಏನೋ, ಮರುವರ್ಷವೇ ಗ್ಮೆಲಿನ್ ಎಂಬ ವಿದ್ವಾಂಸ ಆ ಗಿಡವನ್ನೂ ಮ್ಯೂಸಾದೊಳಕ್ಕೆ ಸೇರಿಸಿದ. 1862ರಲ್ಲಿ ರಷ್ಯದ ಹೊರಾನಿನೋವ್ ಎನ್ಸೆಟೆಯನ್ನು ಪ್ರತ್ಯೇಕ ಕುಲವಾಗಿ ಮಾನ್ಯಮಾಡಿದರೂ ಅದನ್ನು ಕೇಳಿದವರು ಕಡಿಮೆ. 1893ರಲ್ಲಿ ಬೇಕರ್ ಮ್ಯೂಸಾವನ್ನು ಮೂರು ಉಪಕುಲಗಳಾಗಿ ವಿಂಗಡಿಸಿ, ಬುಡ ಉಬ್ಬಿದ ಗಿಡಗಳಿಗೆ ಒಂದು ಉಪಕುಲವನ್ನು ಮೀಸಲಿಟ್ಟ. ಕಣ್ಣಿಗೆ ಕಂಡ ಭೇದಕ್ಕೆ ಅರ್ಧ ಮನ್ನಣೆ ದೊರೆತಂತಾಯಿತು.

ಪೂರ್ಣ ಮನ್ನಣೆ ಸಿಕ್ಕಿದ್ದು 1947ರಲ್ಲಿ. ಟ್ರಿನಿಡಾಡಿನ ಕೃಷಿ ಕಾಲೇಜಿನಲ್ಲಿ ಬಾಳೆಯ ತಳಿ ಸಂಶೋಧನೆಯಲ್ಲಿ ತೊಡಗಿದ್ದ ಚೀಸ್‌ಮನ್, ಬಾಳೆಗಳ ವರ್ಗೀಕರಣವನ್ನು ಕುರಿತ ಲೇಖನಮಾಲೆಯ ಮೊದಲನೆಯದರಲ್ಲಿಯೇ ಎನ್ಸೆಟೆಯನ್ನು ಮರಳಿ ಸ್ವತಂತ್ರ ಕುಲವಾಗಿ ಸ್ಥಾಪಿಸಿದರು. ರಾಕ್ಸ್‌ಬರ್ಗ್‌ನ ಮ್ಯೂಸಾ ಸುಪರ್ಬಾ ಅಂದಿನಿಂದ ಎನ್ಸೆಟೆ ಸುಪರ್ಬಮ್ ಆಯಿತು. ಅವರು ಮುಂದಿಟ್ಟ ಆಧಾರಗಳು ಹಲವು. ಗಿಡ ಒಮ್ಮೆ ಮಾತ್ರ ಹೂಬಿಟ್ಟು ಸಮೂಲ ಸಾಯುತ್ತದೆ, ಸಹಜವಾಗಿ ಕಂದು ಒಡೆಯುವುದಿಲ್ಲ, ಬೀಜ ದೊಡ್ಡದು, ಹೂಗೊಂಚಲಿನ ಹೊದಿಕೆ ಗಟ್ಟಿಯಾಗಿ ನಿಲ್ಲುತ್ತದೆ, ವರ್ಣತಂತುಗಳ ಸಂಖ್ಯೆ ಬೇರೆ. ತೋಟದ ಬಾಳೆಗೆ ಮೂಲವಾದ ಮ್ಯೂಸಾ ಪ್ರಭೇದಗಳಲ್ಲಿ ವರ್ಣತಂತುಗಳ ಮೂಲಸಂಖ್ಯೆ 11, ಎನ್ಸೆಟೆಯಲ್ಲಿ 9. ಈ ಕೊನೆಯ ಅಂಶಕ್ಕೆ ಸೂಕ್ಷ್ಮದರ್ಶಕ ಬೇಕು. ಉಳಿದ ನಾಲ್ಕು ಅಂಶಗಳೂ ಬಂಡೆಯ ಮೇಲಿನ ಗಿಡವನ್ನು ಕೆಲವು ವರ್ಷ ನೋಡುತ್ತ ಬಂದ ಯಾರಿಗಾದರೂ ತಿಳಿಯುವಂಥವು. ರಾಕ್ಸ್‌ಬರ್ಗ್‌ನಿಂದ ಚೀಸ್‌ಮನ್‌ರವರೆಗೆ 136 ವರ್ಷ ಶಾಸ್ತ್ರದ ಪುಸ್ತಕದಲ್ಲಿ ಬಾಳೆಯ ಕುಲದೊಳಗೇ ಇದ್ದ ಗಿಡವನ್ನು, ಕಲ್ಲುಬಾಳೆ ಎಂಬ ಹೆಸರು ಬೇರೆಯಾಗಿಯೇ ಗುರುತಿಸಿತ್ತು.

ಆದರೆ ಇಲ್ಲಿ ಉತ್ಸಾಹ ಎಲ್ಲೆ ಮೀರಬಾರದು. ಜನಪದರು ಆಧುನಿಕ ಸಸ್ಯಶಾಸ್ತ್ರವನ್ನು ಮೊದಲೇ ಅರಿತಿದ್ದರು ಎಂಬ ಬಗೆಯ ಹೇಳಿಕೆಗಳು ನಮ್ಮ ಜಾನಪದ ಬರಹಗಳಲ್ಲಿ ಅತಿಯಾಗಿವೆ. ಕಲ್ಲುಬಾಳೆ ಎಂಬ ಪದದ ಉತ್ತರಪದವೂ ಬಾಳೆಯೇ. ರಾಕ್ಸ್‌ಬರ್ಗ್ ಹೇಗೆ ಅದನ್ನು ಬಾಳೆಯ ಒಂದು ಬಗೆಯೆಂದುಕೊಂಡನೋ ಹಾಗೆಯೇ ಜನರೂ ಅಂದುಕೊಂಡರು ಎಂದು ವಾದಿಸಲು ಅವಕಾಶವಿದೆ. ಬ್ರೆಂಟ್ ಬರ್ಲಿನ್, ಡೆನ್ನಿಸ್ ಬ್ರೀಡ್‌ಲವ್, ಪೀಟರ್ ರೇವನ್ 1973ರಲ್ಲಿ ಮಂಡಿಸಿದ ಜನಪದ ಜೈವಿಕ ವರ್ಗೀಕರಣದ ತತ್ತ್ವಗಳು ಇಲ್ಲಿ ಉಪಯುಕ್ತ. ಜೋಡುಪದದ ಹೆಸರುಗಳೆಲ್ಲ ಒಂದೇ ತೆರನಾದವಲ್ಲ ಎಂಬುದು ಅವರ ವಿವೇಚನೆಯ ಒಂದು ಅಂಶ. ಕೆಲವು ಹೆಸರುಗಳು ಒಂದೇ ಗುಂಪಿನೊಳಗಿನ ಬಗೆಗಳನ್ನು ಪರಸ್ಪರ ಬೇರ್ಪಡಿಸುತ್ತವೆ. ಮತ್ತೆ ಕೆಲವು, ನೋಡಲು ಅದೇ ರಚನೆಯವಾದರೂ, ಸ್ವತಂತ್ರ ಗುಂಪನ್ನೇ ಸೂಚಿಸುತ್ತವೆ. ಕನ್ನಡದ ಬಳಕೆಗೆ ಇದನ್ನು ಅನ್ವಯಿಸಿದರೆ, 'ತೋಟಕ್ಕೆ ಯಾವ ಬಾಳೆ ಹಾಕಿದ್ದೀರಿ' ಎಂಬ ಪ್ರಶ್ನೆಗೆ ಪುಟ್ಟಬಾಳೆ, ರಸಬಾಳೆ, ಪಚ್ಚಬಾಳೆ, ಬೂದುಬಾಳೆ ಎಂಬ ಉತ್ತರಗಳು ಬರುತ್ತವೆ. ಕಲ್ಲುಬಾಳೆ ಎಂಬ ಉತ್ತರ ಬರುವುದಿಲ್ಲ. ಅದು ಆ ಸಾಲಿಗೆ ಸೇರಿದ ಪದವೇ ಅಲ್ಲ. ಕಾಬಾಳೆಯೂ ಸೇರದು. ಕಂದು ಕಿತ್ತು ನೆಡಬಹುದಾದದ್ದಷ್ಟೇ ಆ ಸಾಲಿನಲ್ಲಿದೆ. ಆದ್ದರಿಂದ ಕಲ್ಲುಬಾಳೆಯನ್ನು ಬಾಳೆಯ ಒಳಭೇದವೆನ್ನುವುದಕ್ಕಿಂತ ಬಾಳೆಯನ್ನು ಹೋಲುವ ಮತ್ತೊಂದು ಎನ್ನುವುದು ಬಳಕೆಗೆ ಹೆಚ್ಚು ಹೊಂದುತ್ತದೆ.

ಘಟ್ಟದ ತೇವದ ಕಾಡುಗಳಲ್ಲಿ, ಹಳ್ಳದ ಅಂಚಿನಲ್ಲಿ ಗುಂಪುಗುಂಪಾಗಿ ಬೆಳೆಯುವ ಇನ್ನೊಂದು ಕಾಡುಬಾಳೆಯ ಸಂಗತಿಯೇ ಬೇರೆ. ಅದು ನಿಜವಾದ ಮ್ಯೂಸಾ. ಕಂದು ಒಡೆಯುತ್ತದೆ, ಆದ್ದರಿಂದಲೇ ಗುಂಪು ಕಟ್ಟುತ್ತದೆ. ಕಾಯಿಯಲ್ಲಿ ಬೀಜ ತುಂಬಿರುತ್ತದೆಯಾದರೂ ಬೀಜದ ಗಾತ್ರ ಮೆಣಸುಕಾಳಿನಷ್ಟು. ಇಂದು ಲೋಕದ ತೋಟಗಳಲ್ಲಿರುವ ಬಾಳೆಯ ಬಹುಪಾಲು ತಳಿಗಳ ಮೂಲ ಇಂತಹ ಎರಡು ಕಾಡುಪ್ರಭೇದಗಳು, ಮ್ಯೂಸಾ ಅಕ್ಯುಮಿನೇಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ. ಎರಡಕ್ಕೂ ಹೆಸರಿಟ್ಟವನು 1820ರಲ್ಲಿ ಇಟಲಿಯ ಕೊಲ್ಲಾ. ಮದರಾಸ್ ಪ್ರಾಂತದ ಬಾಳೆಗಳನ್ನು ಕುರಿತು 1952ರಲ್ಲಿ ಗ್ರಂಥ ಬರೆದ ಕೆ.ಸಿ. ಜೇಕಬ್, ಕಾಡುಬಾಳೆಯೊಂದಕ್ಕೆ 'ಕಾಟ್ಟುವಾಳೈ' ಎಂಬ ಆಡುಹೆಸರನ್ನೇ ಲ್ಯಾಟಿನ್ ರೂಪಕ್ಕೆ ತಿರುಗಿಸಿ ಪ್ರಭೇದದ ಹೆಸರಾಗಿಸಿದ್ದು ಇಲ್ಲಿ ನೆನಪಿಸಿಕೊಳ್ಳಬೇಕಾದ ಸ್ವಾರಸ್ಯಕರ ಸಂಗತಿ.

ಸಾಗುವಳಿ ತಳಿಗಳಲ್ಲಿ ಈ ಎರಡು ಪ್ರಭೇದಗಳ ಪಾಲೆಷ್ಟು ಎಂಬುದನ್ನು ಗುರುತಿಸಲು 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಒಂದು ಸರಳ ಕ್ರಮವನ್ನು ರೂಪಿಸಿದರು. ಗಿಡದ 15 ಲಕ್ಷಣಗಳನ್ನು ನೋಡಿ, ಪ್ರತಿಯೊಂದೂ ಅಕ್ಯುಮಿನೇಟಾವನ್ನು ಹೋತರೆ 1, ಬಾಲ್ಬಿಸಿಯಾನಾವನ್ನು ಹೋತರೆ 5, ನಡುವಣವಕ್ಕೆ ನಡುವಣ ಅಂಕ ಕೊಡುವುದು. ಶುದ್ಧ ಅಕ್ಯುಮಿನೇಟಾಕ್ಕೆ ಒಟ್ಟು 15, ಶುದ್ಧ ಬಾಲ್ಬಿಸಿಯಾನಾಕ್ಕೆ 75. ಕಂಬದ ಮೇಲೆ ಕಪ್ಪು ಮಚ್ಚೆಗಳಿವೆಯೇ, ಎಲೆತೊಟ್ಟಿನ ಕಾಲುವೆ ತೆರೆದಿದೆಯೇ ಮುಚ್ಚಿದೆಯೇ, ಮೂತಿಯ ಹೊದಿಕೆ ಬಿಚ್ಚಿದ ಮೇಲೆ ಹಿಂದಕ್ಕೆ ಸುರುಳಿಯಾಗುತ್ತದೆಯೇ ಸುಮ್ಮನೆ ಮೇಲೇಳುತ್ತದೆಯೇ ಎಂಬಂತಹ ಪ್ರಶ್ನೆಗಳು ಅವು. ಅಂಕದ ಜೊತೆಗೆ ವರ್ಣತಂತುಗಳ ಎಣಿಕೆಯನ್ನೂ ಸೇರಿಸಿ ತಳಿಗಳಿಗೆ ಎಎಎ, ಎಎಬಿ, ಎಬಿಬಿ ಎಂಬ ಸಂಕೇತಗಳನ್ನು ನೀಡಲಾಯಿತು. ಪಚ್ಚಬಾಳೆ ಎಎಎ ಗುಂಪಿನದು, ನಂಜನಗೂಡಿನ ರಸಬಾಳೆ ಎಎಬಿ, ಏಲಕ್ಕಿ ಅಥವಾ ಪುಟ್ಟಬಾಳೆ ಎಬಿ, ಬೂದುಬಾಳೆ ಎಬಿಬಿ.

ರೈತನ ಹೆಸರುಗಳು ಬಣ್ಣ, ಗಾತ್ರ, ರುಚಿ, ಪರಿಮಳಗಳನ್ನು ಹಿಡಿಯುತ್ತವೆ. ಸಿಮಂಡ್ಸ್ ಮತ್ತು ಶೆಫರ್ಡರ ಪಟ್ಟಿಯಾದರೋ ಹಣ್ಣನ್ನು ಬಹುತೇಕ ನೋಡುವುದೇ ಇಲ್ಲ, ತೊಟ್ಟು, ಹೂವು, ಹೊದಿಕೆಗಳನ್ನು ನೋಡುತ್ತದೆ. ಹೀಗಾಗಿ ಎರಡೂ ವಿಂಗಡಣೆಗಳು ಎಲ್ಲೆಡೆ ಕೂಡಬೇಕಾಗಿಲ್ಲ. ಆದರೂ ಬೂದುಬಾಳೆಯಂತಹ ಹೆಸರಿನಲ್ಲಿ ಅವು ಅನಿರೀಕ್ಷಿತವಾಗಿ ಸಂಧಿಸುತ್ತವೆ. ಕಾಯಿಯ ಮೇಲೆ ಬೂದಿ ಬಳಿದಂತೆ ಕಾಣುವ ಮೇಣದ ಲೇಪ ಬಾಲ್ಬಿಸಿಯಾನಾದ ಕಡೆಯಿಂದ ಬಂದ ಗುಣ. ಆ ತಳಿಯಲ್ಲಿ ಎರಡು ಪಾಲು ಬಾಲ್ಬಿಸಿಯಾನಾ ಇದೆ. ಹೆಸರಿಟ್ಟವರಿಗೆ ಬೂದಿ ಕಂಡಿತ್ತು, ಪಾಲು ಕಂಡಿರಲಿಲ್ಲ.

ಮ್ಯೂಸಾದ ಒಳವಿಭಾಗಗಳ ಕಥೆ ಚೀಸ್‌ಮನ್‌ರಿಗೆ ನಿಲ್ಲಲಿಲ್ಲ. ಅವರ ನಾಲ್ಕು ವಿಭಾಗಗಳನ್ನು, ನಂತರ ಸೇರಿದ ಐದನೆಯದನ್ನೂ ಒಳಗೊಂಡಂತೆ, ಅಣುಮಟ್ಟದ ಸಾಕ್ಷ್ಯದ ಬಲದಿಂದ ಫಿನ್‌ಲ್ಯಾಂಡಿನ ಹ್ಯಾಕಿನೆನ್ 2013ರಲ್ಲಿ ಎರಡಕ್ಕೆ ಇಳಿಸಿದರು. 2012ರಲ್ಲಿ ಅಕ್ಯುಮಿನೇಟಾದ, 2019ರಲ್ಲಿ ಬಾಲ್ಬಿಸಿಯಾನಾದ ವಂಶವಾಹಿ ನಕ್ಷೆಗಳು ಪ್ರಕಟವಾದವು. ಈ ಎಲ್ಲ ಬದಲಾವಣೆಗಳ ನಡುವೆ ಎನ್ಸೆಟೆ ಬೇರೆ ಕುಲವೆಂಬ ನಿರ್ಣಯ ಕದಲಿಲ್ಲ.

ಹೆಸರಿನ ಈ ಚರ್ಚೆಗೆ ಗ್ರಂಥಾಲಯದ ಹೊರಗೂ ಪರಿಣಾಮವಿದೆ. ಬಾಳೆಯ ದಿಂಡು ಮೂತ್ರದ ಕಲ್ಲಿಗೆ ಒಳ್ಳೆಯದೆಂಬ ನಂಬಿಕೆ ಕರ್ನಾಟಕದ ಉದ್ದಗಲಕ್ಕೂ ಇದೆ. ಘಟ್ಟದ ನಾಟಿವೈದ್ಯದಲ್ಲಿ ಅದೇ ತೊಂದರೆಗೆ ಕಲ್ಲುಬಾಳೆಯ ಬೀಜ ಹೆಸರಾಗಿದೆ. ಕಲ್ಲಿನ ಮೇಲೆ ಹುಟ್ಟಿ, ಕಲ್ಲಿನಂತಹ ಬೀಜ ಕೊಡುವ ಗಿಡವು ಒಡಲೊಳಗಿನ ಕಲ್ಲನ್ನು ಕರಗಿಸುತ್ತದೆ ಎಂಬಲ್ಲಿ ಸಾದೃಶ್ಯದ ತರ್ಕ ಕೆಲಸ ಮಾಡಿರುವುದು ಸ್ಪಷ್ಟ. ಔಷಧೀಯ ಗುಣದ ನಿಜಾನಿಜ ಪ್ರಯೋಗಾಲಯಕ್ಕೆ ಬಿಟ್ಟ ವಿಷಯ. ಇದಲ್ಲದೆ ಕಲ್ಲುಬಾಳೆಯ ದಿಂಡನ್ನೂ ಹೂವನ್ನೂ ಪಲ್ಯಕ್ಕೆ ಬಳಸುವುದುಂಟು. ತೋಟದ ಬಾಳೆಯ ದಿಂಡು ತೆಗೆದರೆ ನಷ್ಟವಿಲ್ಲ, ಏಕೆಂದರೆ ಗೊನೆ ಇಳಿಸಿದ ಗಿಡ ಹೇಗೂ ಕಡಿಯತಕ್ಕದ್ದು, ಕಂದು ಬೆಳೆಯುತ್ತಿರುತ್ತದೆ. ಹಳ್ಳದಂಚಿನ ಕಾಡುಬಾಳೆಯೂ ಕಡಿದಲ್ಲಿಂದ ಮತ್ತೆ ಏಳಬಲ್ಲದು. ಹೂ ಮೂಡಿದ ಕಲ್ಲುಬಾಳೆಯನ್ನು ಬೀಜ ಬಲಿಯುವ ಮುನ್ನ ಕಡಿದರೆ ಮಾತ್ರ ಅದು ಹಲವು ವರ್ಷ ಕೂಡಿಟ್ಟ ಬಾಳು ಸಂತತಿಯಿಲ್ಲದೆ ಮುಗಿಯುತ್ತದೆ. ಬೀಜ ಬಲಿಯಲು ಬಿಟ್ಟರೂ ಔಷಧಕ್ಕೆಂದು ಒಯ್ಯುವುದು ಆ ಬೀಜವನ್ನೇ. 'ಕಾಡುಬಾಳೆಯ ದಿಂಡು ಖಾದ್ಯ', 'ಕಾಡುಬಾಳೆಯ ಬೀಜ ಔಷಧ' ಎಂದು ಬೇಧವಿಲ್ಲದೆ ಮುದ್ರಿಸುವ ಕೈಪಿಡಿಯು ಒಂದು ಗಿಡಕ್ಕೆ ನಿರಪಾಯಕರವಾದ ಪದ್ಧತಿಯನ್ನು ಅದರಿಂದ ಅಳಿಯಬಹುದಾದ ಇನ್ನೊಂದು ಗಿಡಕ್ಕೆ ಅಂಟಿಸುತ್ತದೆ.

ಇಥಿಯೋಪಿಯದ ದಕ್ಷಿಣ ಭಾಗದಲ್ಲಿ ಈ ಕುಲದ ಮತ್ತೊಂದು ಪ್ರಭೇದವಾದ ಎನ್ಸೆಟೆ ವೆಂಟ್ರಿಕೋಸಮ್ ಸುಮಾರು 2 ಕೋಟಿ ಜನರ ಆಹಾರ. ಅವರು ತಿನ್ನುವುದು ಹಣ್ಣನ್ನಲ್ಲ, ಗೆಡ್ಡೆಯನ್ನೂ ಕಂಬದ ತಿರುಳನ್ನೂ ಹುಳಿಬರಿಸಿ ಮಾಡಿದ ಹಿಟ್ಟನ್ನು. ಸಹಜವಾಗಿ ಕಂದು ಒಡೆಯದ ಆ ಗಿಡದಿಂದ ಅಲ್ಲಿನ ರೈತರು ಉಪಾಯವಾಗಿ ಕಂದು ಪಡೆಯುತ್ತಾರೆ: ಎಳೆಯ ಗಿಡವನ್ನು ಕಡಿದು, ಗೆಡ್ಡೆಯ ನಡುವಿನ ಸುಳಿಯನ್ನು ತೆಗೆದುಹಾಕಿ ಮಣ್ಣಿನಲ್ಲಿ ಹೂತರೆ ಸುತ್ತಲೂ ಮರಿಗಳೇಳುತ್ತವೆ. ಒಂದು ಗಿಡವನ್ನು ಬೆಳೆಯಾಗಿಸಿಕೊಂಡ ಜನಪದ ಜ್ಞಾನ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ಕಲ್ಲುಬಾಳೆಯನ್ನು ನಮ್ಮಲ್ಲಿ ಹಾಗೆ ಬೆಳೆಯಾಗಿಸಲಿಲ್ಲ. ನೀರಿರುವಲ್ಲಿ ಉತ್ತಮ ಬಾಳೆಯೇ ಕೈಯಲ್ಲಿದ್ದಾಗ ಅದರ ಅಗತ್ಯವೂ ಬರಲಿಲ್ಲ.

ಕ್ಷೇತ್ರಕಾರ್ಯದಲ್ಲಿ 'ಕಾಡುಬಾಳೆ' ಎಂಬ ಹೆಸರು ಕೇಳಿಬಂದಾಗ ವಕ್ತೃವನ್ನು ಕೇಳಬೇಕಾದ ಪ್ರಶ್ನೆಗಳು ಕಷ್ಟದವಲ್ಲ. ಬುಡದಲ್ಲಿ ಕಂದು ಒಡೆಯುತ್ತದೆಯೇ, ಬೀಜ ಮೆಣಸಿನಷ್ಟೋ ಕಡಲೆಗಿಂತ ದೊಡ್ಡದೋ, ಕಂಬದ ಬುಡ ಉಬ್ಬಿದೆಯೇ, ಬೇಸಿಗೆಯಲ್ಲಿ ಎಲೆ ಇರುತ್ತದೆಯೇ. ಸಸ್ಯಶಾಸ್ತ್ರದ ತರಬೇತಿಯಿಲ್ಲದ ಸಂಗ್ರಹಕಾರನೂ ಇವುಗಳಿಂದ ಎರಡು ಕುಲಗಳನ್ನು ಬೇರ್ಪಡಿಸಬಲ್ಲ. ಕೊನೆಯ ಪ್ರಶ್ನೆಗೆ ಇನ್ನೊಂದು ಉಪಯೋಗವೂ ಇದೆ. ವಿಶ್ವವಿದ್ಯಾಲಯಗಳ ಕ್ಷೇತ್ರಕಾರ್ಯ ಸಾಮಾನ್ಯವಾಗಿ ನಡೆಯುವುದು ಬೇಸಿಗೆಯ ರಜೆಯಲ್ಲಿ, ಏಪ್ರಿಲ್ ಮೇ ತಿಂಗಳುಗಳಲ್ಲಿ. ಆಗ ಕಲ್ಲುಬಾಳೆ ಬಂಡೆಯ ಸಂದಿನಲ್ಲಿ ಬರಿಯ ಗೆಡ್ಡೆಯಾಗಿ ಮಲಗಿರುತ್ತದೆ. ತೋರಿಸುವವರಿಗೆ ತೋರಿಸಲು ಎಲೆಯಿರುವುದಿಲ್ಲ, ಬರೆದುಕೊಳ್ಳುವವರಿಗೆ ಹಳ್ಳದಂಚಿನ ಹಸಿರು ಕಾಡುಬಾಳೆಯೊಂದೇ ಕಾಣುತ್ತದೆ.